ಶರದೃತುವೂ ಹಳ್ಳಿಯ ಶಾಲೆಯೂ

ಮಳೆಯು ಹಿಂದೆಗೆದು ತುಂಗೆ ಭದ್ರೆಯರ ನೀರು ತಿಳಿಯಾಗುವ ಕಾಲವಿದು. ಶಿವಮೊಗ್ಗ, ಭದ್ರಾವತಿಗಳ ಸುತ್ತಣ ಚಿಕ್ಕ ಶಾಲೆಗಳಿಗೆ ಶರದೃತುವು ಸಂಭ್ರಮವನ್ನೂ ಚಿಂತೆಯನ್ನೂ ಒಟ್ಟಿಗೇ ತರುವುದು.

ಗಾಂಧಿ ಜಯಂತಿ, ದಸರೆಯ ರಜೆ, ಅನಂತರ ಆಶ್ವಯುಜದ ಭೂಮಿ ಹುಣ್ಣಿಮೆ. ತೆನೆ ತುಂಬುವ ಬತ್ತದ ಪೈರನ್ನು ಬಸುರಿಯೆಂದು ಭಾವಿಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಬಯಕೆಯ ಅಡಿಗೆಯನ್ನು ಗದ್ದೆಗೆ ಒಯ್ಯುವ ಈ ಹಬ್ಬವು ಮಕ್ಕಳಿಗೆ ಪುಸ್ತಕದಲ್ಲಿ ದೊರೆಯದ ಪಾಠ. ನವೆಂಬರ್ 1ರಂದು ರಾಜ್ಯೋತ್ಸವ; 1956ರಲ್ಲಿ ಅಂದೇ ಕನ್ನಡನಾಡು ಒಂದುಗೂಡಿತು. ಅಂದಿನ ಹಾಡು ಭಾಷಣಗಳಿಗೆ ಮಕ್ಕಳು ಮುಂಚಿನಿಂದಲೇ ಸಿದ್ಧರಾಗುವರು.

ಆದರೆ ಅಡಕೆಯ ಕೊಯ್ಲೂ ಇದೇ ವೇಳೆಗೆ ಮೊದಲಾಗುವುದು. ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸುವಾಗ ಮನೆಯ ಕೈಗಳೆಲ್ಲವೂ ಬೇಕೆನಿಸುವುದು ಸಹಜ. “ನಾಲ್ಕು ದಿನ ತಾನೆ” ಎಂದು ಮಗುವನ್ನು ನಿಲ್ಲಿಸಿಕೊಳ್ಳುವೆವು. ಒಬ್ಬರೇ ಉಪಾಧ್ಯಾಯರು ಹಲವು ತರಗತಿಗಳನ್ನು ನಡೆಸುವೆಡೆ ತಪ್ಪಿದ ಪಾಠವು ಮರಳಿ ದೊರೆಯುವುದು ಕಷ್ಟ. ಹಿಂದುಳಿದ ಮಗು ನಾಚಿ ಶಾಲೆಯನ್ನೇ ತೊರೆಯಬಹುದು.

6ರಿಂದ 14 ವರ್ಷದವರೆಗೆ ಶಿಕ್ಷಣವು ಹಕ್ಕೆಂದು 2009ರ ಶಾಸನವು ಸಾರಿದೆ. ಬಿಸಿಯೂಟವಿದೆ, 2013ರಿಂದ ಹಾಲೂ ದೊರೆಯುತ್ತಿದೆ. ಆದರೆ ಮಗುವನ್ನು ಅಂಗಳದಿಂದೆಬ್ಬಿಸಿ ಶಾಲೆಗೆ ಕಳುಹಿಸಬೇಕಾದವರು ನಾವೇ. ಸುಲಿಯದ ಅಡಕೆ ಸಂಜೆಗೆ ಕಾದೀತು, ಕಲಿಯುವ ವಯಸ್ಸು ಕಾಯದು.