ಹದವರಿತ ಬೆಂಕಿ

ಬೆಂಕಿಯೆಂದೊಡನೆ ಮನಸ್ಸು ಅಂಜುವುದು ಸಹಜ. ಆದರೆ ಬೆರಣಿಯನ್ನು ಸುಟ್ಟು ವಿಭೂತಿಯನ್ನು ಸಿದ್ಧಪಡಿಸುವವರು ಉರಿಯ ಹದವನ್ನು ಬಲ್ಲರು. ಕಾಡಿಗೂ ಅಂತಹ ಹದವುಂಟು. ಅದನ್ನು ಬಲ್ಲವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಮಲೆಯ ಮಹದೇಶ್ವರನ ಭಕ್ತರಾಗಿ ನಮಗೂ ಅವರು ಬಂಧುಗಳೇ.

ಅವರ ಹಿರಿಯರು ಜನವರಿ, ಫೆಬ್ರವರಿ ತಿಂಗಳುಗಳಲ್ಲಿ, ನೆಲದ ತೇವವು ಪೂರ್ತಿ ಆರುವ ಮುನ್ನವೇ, ಕಾಡಿಗೆ 'ತರಗು ಬೆಂಕಿ'ಯನ್ನು ಇಡುತ್ತಿದ್ದರು. ಅದು ಮರವನ್ನೇರುವ ಉರಿಯಲ್ಲ. ನೆಲದ ಮೇಲೆ ತೆವಳುತ್ತ ಉದುರಿದೆಲೆ, ಒಣಹುಲ್ಲು, ಕಳೆಯ ಸಸಿಗಳನ್ನಷ್ಟೇ ಸುಡುವ ಉರಿ. ಮಳೆ ಬಿದ್ದೊಡನೆ ಅಲ್ಲಿ ಎಳೆಹುಲ್ಲು ಚಿಗುರಿ ಜಿಂಕೆ, ಕಡವೆ, ಕಾಟಿಗಳಿಗೆ ಮೇವಾಗುತ್ತಿತ್ತು. ಒಣಕಸವು ಮೊದಲೇ ತೀರುವುದರಿಂದ ಕಡುಬೇಸಿಗೆಯ ಕಾಳ್ಗಿಚ್ಚಿಗೆ ಸೌದೆಯೇ ಉಳಿಯುತ್ತಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅಭಯಾರಣ್ಯದಲ್ಲಿ ಬೆಂಕಿಯಿಡುವುದನ್ನು ಅಪರಾಧವೆಂದು ಸಾರಿತು. 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾಯಿತು. ತರಗು ಬೆಂಕಿ ಆರಿತು, ಲಂಟಾನ ಹಬ್ಬಿತು. ಸಂಶೋಧಕರು ಪರಿಶೀಲಿಸಿದ ತಾಣಗಳ ಪೈಕಿ 1997ರಲ್ಲಿ ಶೇಕಡಾ 41ರಲ್ಲಿದ್ದ ಈ ಕಳೆ, 2008ರ ವೇಳೆಗೆ ಶೇಕಡಾ 81ರಲ್ಲಿ ಕಂಡುಬಂದಿತು. ಬೆಂಕಿ ನಿಂತದ್ದೊಂದೇ ಇದಕ್ಕೆ ಕಾರಣವೆಂದು ನಾವು ಹೇಳೆವು. ಆದರೆ ಸೋಲಿಗ ಹಿರಿಯರು ಬೊಟ್ಟು ಮಾಡುವುದು ಅದರತ್ತಲೇ. ನೆಲ್ಲಿಮರಗಳಿಗೆ ಬಂದಳಿಕೆ ಹೆಚ್ಚಿದ್ದೂ ಅದರಿಂದಲೇ ಎಂಬುದು ಅವರ ನಂಬಿಕೆ. ತಲೆಮಾರುಗಳ ಈ ಅನುಭವವನ್ನು ಅಜ್ಞಾನವೆಂದು ತಳ್ಳಿಹಾಕುವುದು ಧರ್ಮವಲ್ಲ.

ಹಾಗೆಂದು ನಾಳೆಯೇ ಬೆಂಕಿಯಿಡಬಹುದೇ? ಸಲ್ಲದು. ಆಳೆತ್ತರ ಬೆಳೆದು ಒಣಗಿ ನಿಂತ ಲಂಟಾನವನ್ನು ಏಣಿಯಾಗಿ ಮಾಡಿಕೊಂಡು ಇಂದಿನ ಉರಿ ಮರದ ನೆತ್ತಿಗೇರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಕಾಳ್ಗಿಚ್ಚಿಗೆ ತುತ್ತಾದುದನ್ನು ನಾಡು ಮರೆತಿಲ್ಲ. ಮೊದಲು ಲಂಟಾನವನ್ನು ಬೇರುಸಹಿತ ಕೀಳಬೇಕು. ಬಳಿಕ ಅರಣ್ಯ ಇಲಾಖೆಯ ಸಮ್ಮತಿ ಹಾಗೂ ಕಾವಲಿನಲ್ಲಿ, ಬೆಂಕಿರೇಖೆ ಕಡಿದ ಸಣ್ಣ ತುಣುಕುಗಳಲ್ಲಿ, ಸೋಲಿಗರ ಮಾರ್ಗದರ್ಶನದಂತೆ ಪ್ರಯೋಗ ನಡೆಯಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯನ್ವಯ 2011ರಲ್ಲಿ ಇಲ್ಲಿಯ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತಿವೆ. ಹಕ್ಕು ಕೊಟ್ಟ ಮೇಲೆ ಅವರ ಮಾತಿಗೆ ಕಿವಿಗೊಡಬೇಡವೇ? ತರಗು ಬೆಂಕಿಯನ್ನು ಕೈಯಾರೆ ಇಟ್ಟು ಬಲ್ಲ ಹಿರಿಯರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಅವರೊಡನೆ ಆ ಹದವೂ ಮಣ್ಣಾಗಬಾರದು.

ಮಾದಪ್ಪನ ಬೆಟ್ಟಕ್ಕೆ ಯಾತ್ರೆ ಹೋಗುವ ಶರಣಬಂಧುಗಳಲ್ಲಿ ನಮ್ಮದೊಂದು ವಿನಂತಿ. ದಾರಿಯಲ್ಲಿ ಬೀಡಿಯ ತುಂಡನ್ನು ಎಸೆಯದಿರಿ, ಒಲೆ ಹೂಡಿದರೆ ಆರಿಸದೆ ಏಳದಿರಿ. ಹದವರಿತವರ ಕೈಯಲ್ಲಿ ಬೆಂಕಿಯೂ ಕಾಯಕ. ಅರಿಯದವರ ಕೈಯಲ್ಲಿ ಒಂದು ಕಿಡಿಯೂ ಹಿಂಸೆ.