ಬರದಲ್ಲೂ ಬಾಡದ ಪಾಪಾಸುಕಳ್ಳಿ



ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಬಯಲು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿದೆ. ಇಲ್ಲಿ ಅಕ್ಟೋಬರ್, ನವೆಂಬರ್ ತಿಂಗಳ ಹಿಂಗಾರು ಮಳೆಯೇ ಮುಖ್ಯ ಆಧಾರ. ಬೇಸಿಗೆಯಲ್ಲಿ ಬಾವಿ ಬತ್ತಿ ಹುಲ್ಲು ಒಣಗಿದರೂ ಬೇಲಿಯ ಪಾಪಾಸುಕಳ್ಳಿ ಹಸಿರಾಗಿಯೇ ಇರುತ್ತದೆ. ಇದು ಹೇಗೆ?

ನಾವು ಎಲೆ ಎಂದುಕೊಳ್ಳುವ ದಪ್ಪ ಹಲಗೆ ಅದರ ಕಾಂಡ. ನಿಜವಾದ ಎಲೆಗಳು ಚಿಕ್ಕವು, ಎಳೆಯದರಲ್ಲೇ ಉದುರುತ್ತವೆ. ಹಲಗೆಯ ಮೇಲಿನ ಮೇಣದ ಹೊದಿಕೆ ನೀರು ಆರದಂತೆ ತಡೆಯುತ್ತದೆ. ಒಳಗಿನ ಲೋಳೆ ನೀರನ್ನು ಹಿಡಿದಿಡುತ್ತದೆ. ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲೇ ಹರಡಿ, ಸಣ್ಣ ಮಳೆಯನ್ನೂ ಬೇಗನೆ ಹೀರುತ್ತದೆ. ಬೇರೆ ಬೆಳೆಗಳು ಹಗಲಿನಲ್ಲಿ ಉಸಿರುರಂಧ್ರ ತೆರೆದರೆ, ಇದು ತಂಪಾದ ರಾತ್ರಿಯಲ್ಲಿ ತೆರೆದು ಗಾಳಿಯ ಇಂಗಾಲವನ್ನು ಕೂಡಿಟ್ಟುಕೊಂಡು, ಹಗಲು ಬಿಸಿಲಲ್ಲಿ ಆಹಾರ ತಯಾರಿಸುತ್ತದೆ.

ಮುರಿದು ಬಿದ್ದ ಹಲಗೆಯೂ ಬೇರು ಬಿಡುವುದರಿಂದ, ಅಮೆರಿಕಾ ಖಂಡದಿಂದ ಬಂದ ಈ ಗಿಡ ದಕ್ಷಿಣ ಭಾರತದಲ್ಲಿ ಹೊಲಗದ್ದೆಗಳನ್ನೇ ನುಂಗಿತ್ತು. 1926ರಲ್ಲಿ ಶ್ರೀಲಂಕಾದಿಂದ ತಂದ, ಬಿಳಿ ಹತ್ತಿಯಂತೆ ಮೆತ್ತಿಕೊಳ್ಳುವ ಒಂದು ಕೀಟ ಕೆಲವೇ ವರ್ಷಗಳಲ್ಲಿ ಅದರ ಹಾವಳಿಯನ್ನು ಅಡಗಿಸಿತು. ಆದ್ದರಿಂದ ಕಡಿದ ತುಂಡುಗಳನ್ನು ಹೊಲದಂಚಿನಲ್ಲಿ ಎಸೆಯಬೇಡಿ.

ಬರಗಾಲದಲ್ಲಿ ಇದು ದನಕ್ಕೆ ಮೇವೂ ಆಗುತ್ತದೆ. ಮುಳ್ಳನ್ನೂ ಸಣ್ಣ ಸುಂಕನ್ನೂ ಬೆಂಕಿಯಲ್ಲಿ ಪೂರ್ತಿ ಸುಟ್ಟು, ಕತ್ತರಿಸಿ, ಒಣ ಸೊಪ್ಪೆಯೊಡನೆ ಬೆರೆಸಿ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಿ. ಇದರಲ್ಲಿ ನೀರೇ ಹೆಚ್ಚು, ಸಾರ ಕಡಿಮೆ. ಇದನ್ನೇ ಹಾಕಿದರೆ ದನ ಭೇದಿಯಿಂದ ಸೊರಗುತ್ತದೆ.

ಒಂದು ಎಚ್ಚರಿಕೆ: ಕಳ್ಳಿ ಎಂಬ ಹೆಸರಿದ್ದರೂ ಎಲ್ಲವೂ ಒಂದೇ ಜಾತಿಯಲ್ಲ. ಪಾಪಾಸುಕಳ್ಳಿಯನ್ನು ಕೊಯ್ದರೆ ಲೋಳೆ ಬರುತ್ತದೆ. ಬೇಲಿಯ ಬೊಂತೆಗಳ್ಳಿ, ಮುಂಡುಗಳ್ಳಿಗಳಿಂದ ಬಿಳಿ ಹಾಲು ಸುರಿಯುತ್ತದೆ. ಈ ಹಾಲು ವಿಷ. ಇದನ್ನು ದನಕ್ಕೆ ಹಾಕಬಾರದು. ಹಾಲು ಕಣ್ಣಿಗೆ ಬಿದ್ದರೆ ಉಜ್ಜದೆ ಶುದ್ಧ ನೀರಿನಿಂದ ಕಾಲು ಗಂಟೆ ತೊಳೆದು, ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಮನೆಮದ್ದು ಹಾಕುತ್ತಾ ತಡಮಾಡಿದರೆ ದೃಷ್ಟಿಗೇ ಅಪಾಯ.

ಮಕ್ಕಳು ಪಾಪಾಸುಕಳ್ಳಿಯ ಕೆಂಪು ಹಣ್ಣನ್ನು ಬರಿಗೈಯಲ್ಲಿ ಕೀಳದಿರಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಸುಂಕು ಬೆರಳಿಗೂ ನಾಲಿಗೆಗೂ ನಾಟುತ್ತದೆ. ಚರ್ಮಕ್ಕೆ ನಾಟಿದ ಸುಂಕನ್ನು ತಿಕ್ಕದೆ, ಅಂಟುವ ಟೇಪು ಒತ್ತಿ ಕಿತ್ತು ತೆಗೆಯಿರಿ. ಬೇಲಿ ಸವರುವ ಮುನ್ನ ಯಾವ ಕಳ್ಳಿ ಎಂದು ನೋಡಿಕೊಳ್ಳಿ, ಮನೆಮಂದಿಗೂ ತೋರಿಸಿಕೊಡಿ.