ಕಾಡುದಾರಿಯಲ್ಲಿ ಕುದುರೆ ಸವಾರಿ: ಒಂದು ದಿನದ ಯೋಜನೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಚಾರ್ಲ್ಸ್ ಬೇಕರ್ ರಾಜ್ಯ ಅರಣ್ಯದಲ್ಲಿ ಕುದುರೆ ಸವಾರರಿಗಾಗಿ ದಾರಿಗಳನ್ನು ಗುರುತಿಸಲಾಗಿದೆ. ಇಂಥ ಕಾಡಿನಲ್ಲಿ ಒಂದು ದಿನ ಸುತ್ತಿ ಬರಲು ಏನೇನು ಸಿದ್ಧತೆ ಬೇಕು? ದಣಿವಾಯಿತೆಂದು ಸವಾರ ಹೇಳಬಲ್ಲ, ಕುದುರೆ ಹೇಳಲಾರದು. ಆದ್ದರಿಂದ ಕುದುರೆಯ ಶಕ್ತಿಯನ್ನು ನೋಡಿಕೊಂಡೇ ಯೋಜನೆ ಹಾಕಬೇಕು.

ಮೊದಲನೆಯದು ಆರೋಗ್ಯ. ಕಚ್ಚುವ ನೊಣಗಳಿಂದ ಕುದುರೆಗಳಿಗೆ ಹರಡುವ ಸಾಂಕ್ರಾಮಿಕ ರಕ್ತಹೀನತೆಗೆ ಚಿಕಿತ್ಸೆಯಿಲ್ಲ. ಕಾಗಿನ್ಸ್ ಎಂಬ ರಕ್ತಪರೀಕ್ಷೆಯಲ್ಲಿ ಈ ರೋಗವಿಲ್ಲವೆಂದು ಕಂಡುಬಂದ ಪ್ರಮಾಣಪತ್ರ ಸವಾರನ ಬಳಿ ಇರಬೇಕು.

ಎರಡನೆಯದು ದೂರ. ಕುದುರೆ ನಡಿಗೆಯಲ್ಲಿ ಗಂಟೆಗೆ ಸುಮಾರು 6 ಕಿಲೋಮೀಟರ್ ಸಾಗುತ್ತದೆ. ಏರಿಳಿತದ ದಾರಿಯಲ್ಲಿ 5 ಎಂದು ಲೆಕ್ಕ ಹಿಡಿಯುವುದು ಜಾಣತನ. 20 ಕಿಲೋಮೀಟರಿಗೆ 4 ಗಂಟೆ, ವಿಶ್ರಾಂತಿಗೆ ಒಂದೂವರೆ ಗಂಟೆ. ಬೆಳಿಗ್ಗೆ 9ಕ್ಕೆ ಹೊರಟರೆ ಮಧ್ಯಾಹ್ನ ಎರಡೂವರೆಗೆ ಮರಳಬಹುದು. ದಾರಿ ತಪ್ಪಿದರೂ ಕತ್ತಲಾಗುವ ಮುನ್ನ ಸಮಯ ಉಳಿದಿರುತ್ತದೆ.

ಮೂರನೆಯದು ನೀರು. ಕುದುರೆಗೆ ದಿನಕ್ಕೆ 25ರಿಂದ 50 ಲೀಟರ್ ನೀರು ಬೇಕಾದ್ದರಿಂದ ನಕ್ಷೆಯಲ್ಲಿ ತೊರೆಗಳನ್ನು ಮೊದಲೇ ಗುರುತಿಸಿಕೊಳ್ಳಬೇಕು.

ತಂಗಿದಾಗ ಜೀನಿನ ಪಟ್ಟಿಯನ್ನು ಸಡಿಲಿಸಬೇಕು. ಕುದುರೆಯನ್ನು ಮರದ ಕಾಂಡಕ್ಕೇ ಕಟ್ಟಬಾರದು. ಅದು ತೊಗಟೆ ಕಚ್ಚುತ್ತದೆ, ಗೊರಸಿನಿಂದ ಬೇರು ಕೆರೆಯುತ್ತದೆ. ಎರಡು ಮರಗಳಿಗೆ ಅಗಲವಾದ ಪಟ್ಟಿ ಸುತ್ತಿ, ನಡುವೆ ಎತ್ತರದಲ್ಲಿ ಹಗ್ಗ ಬಿಗಿದು ಅದಕ್ಕೆ ಕಟ್ಟುವುದು ಸರಿಯಾದ ಕ್ರಮ.

ಕೊನೆಯದಾಗಿ, ದವಡೆಯ ಕೆಳಗೆ ಬೆರಳಿಟ್ಟು ನಾಡಿ ನೋಡಿ. ದಣಿಯದ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಅರ್ಧ ಗಂಟೆ ವಿಶ್ರಮಿಸಿದರೂ ಅದು 60ಕ್ಕಿಂತ ಕೆಳಗಿಳಿಯದಿದ್ದರೆ ಸವಾರಿಯನ್ನು ಅಲ್ಲಿಗೇ ನಿಲ್ಲಿಸಿ. ಲಗಾಮು ಹಿಡಿದು, ಹತ್ತಿರದ ದಾರಿಯಲ್ಲಿ ಕುದುರೆಯ ಜೊತೆಗೆ ನಡೆದೇ ಹಿಂದಿರುಗಿ.